ತಕಾವೊ ಬೆಟ್ಟಕ್ಕೆ ಬೆಳಗ್ಗೆಯೇ ಹೊರಡಿ

ಟೋಕಿಯೊಗೆ ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ಫ್ಯೂಜಿ ಬಗ್ಗೆ. ಹೋಗಿ, ಬೇಡ ಅನ್ನಲ್ಲ. ಆದರೆ ಮೊದಲ ರಜೆಗೆ ತಕಾವೊ ಬೆಟ್ಟ ಹತ್ತಿ. ಎತ್ತರ ಬರೀ 599 ಮೀಟರ್. ಶಿಂಜುಕುವಿನಿಂದ ಕೇಯೊ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಬೆಟ್ಟದ ಬುಡ. ರೈಲಿಗೆ ಬಳಸುವ ಸುಯಿಕಾ ಕಾರ್ಡಿನಲ್ಲಿ ದುಡ್ಡಿದ್ದರೆ ಸಾಕು. ಇಳಿಯಬೇಕಾದ ಸ್ಟೇಷನ್ ತಕಾವೊಸಾನ್‌ಗುಚಿ. ತಕಾವೊ ಅನ್ನೋದು ಅದಕ್ಕಿಂತ ಒಂದು ಸ್ಟೇಷನ್ ಹಿಂದೆ. ಜೆಆರ್ ಕಂಪನಿಯ ರೈಲಿನಲ್ಲಿ ಬಂದವರು ಅಲ್ಲಿಳಿದು ಕೇಯೊ ರೈಲಿಗೆ ಬದಲಿಸಬೇಕು.

ಹೊರಡುವ ಹೊತ್ತಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಭಾನುವಾರ ಅಂದರೆ ನಮಗೆ ತಡವಾಗಿ ತಿಂಡಿ, ಊಟ ಮುಗಿಸಿಯೇ ಹೊರಗೆ ಹೊರಡೋದು, ಅಲ್ವಾ? ಡಿಸೆಂಬರ್ ಮೊದಲ ವಾರ ಹಾಗೇ ಹೊರಟೆ. ಜೊತೆಗೆ ಆರು ವರ್ಷದ ಮಗಳು. 6ನೇ ನಂಬರ್ ದಾರಿ ಹಳ್ಳದ ಪಕ್ಕದಲ್ಲೇ ಹೋಗುತ್ತದೆ. ಎತ್ತರದ ಸುಗಿ ಮರಗಳು, ಒದ್ದೆ ಬಂಡೆ, ಬೇರು. ಊರಿನ ಕಾಡು ಸಿಕ್ಕಿದಷ್ಟೇ ಖುಷಿಯಾಯಿತು. ಆದರೆ ಆ ತಿಂಗಳಲ್ಲಿ ಇಲ್ಲಿ ಸಂಜೆ 4.30ಕ್ಕೇ ಸೂರ್ಯ ಮುಳುಗುತ್ತಾನೆ. ಮರಗಳ ನಡುವೆ ಅದಕ್ಕೂ ಮೊದಲೇ ಕತ್ತಲು. ಅರ್ಧ ದಾರಿಯಲ್ಲಿ ಕಾಲಿಡುವ ಕಲ್ಲು ಕಾಣದಂತಾಯಿತು. ಫೋನಿನ ಬೆಳಕಲ್ಲಿ ವಾಪಸ್ ಇಳಿದೆವು. ಮಗಳು ಅಳಲಿಲ್ಲ, ನನ್ನ ಎರಡು ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. ಹಿಂದಿನಿಂದ ತಲೆಗೆ ದೀಪ ಕಟ್ಟಿಕೊಂಡ ವಯಸ್ಸಾದ ದಂಪತಿ ಬಂದರು. ನಮ್ಮನ್ನು ದಾಟಿ ಹೋಗಲಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ ನಡೆದು ಕೆಳಗಿನವರೆಗೂ ಬೆಳಕು ಹಿಡಿದರು. ಮಗುವನ್ನು ಅಂಥ ಜಾಗಕ್ಕೆ ಕರೆದುಕೊಂಡು ಹೋದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೆಳಗ್ಗೆ ಏಳಕ್ಕೆ ಮನೆ ಬಿಡಿ. ಚಳಿಗಾಲದಲ್ಲಿ ಮೂರು ಗಂಟೆಗೆಲ್ಲ ಕೆಳಗೆ ಇಳಿದಿರಿ.

ಬುತ್ತಿಗೆ ಪುಳಿಯೋಗರೆಯೋ ಚಿತ್ರಾನ್ನವೋ ಕಟ್ಟಿಕೊಳ್ಳಿ. ಬೆಟ್ಟದಲ್ಲಿ ಕಸದ ಡಬ್ಬಿ ಹುಡುಕಬೇಡಿ. ಬಾಳೆಹಣ್ಣಿನ ಸಿಪ್ಪೆ ಕೂಡ ಮನೆಗೇ ವಾಪಸ್ ಬರಬೇಕು. ಒಂದು ಖಾಲಿ ಚೀಲ ಇರಲಿ.

ಅಪ್ಪ ತೀರ್ಥಹಳ್ಳಿಯಿಂದ ಮೂರು ತಿಂಗಳಿಗೆ ಬಂದಿದ್ದರು. ಮಲೆನಾಡಿನವರಿಗೆ ಬೆಟ್ಟ ಏನು ತೋರಿಸೋದು ಅಂತ ಶಿಬುಯಾ, ಟವರು, ಮಾಲು ಅಂತಲೇ ತಿರುಗಿಸಿದೆ. ಅವರು ಸುಮ್ನೆ ಬಂದರು, ಸುಮ್ನೆ ನೋಡಿದರು. ಕೊನೆಯ ಭಾನುವಾರ ತಕಾವೊಗೆ ಕರೆದುಕೊಂಡು ಹೋದೆ. ಮಂಡಿ ನೋವಿದ್ದವರಿಗೆ ಕೇಬಲ್ ಕಾರ್ ಇದೆ, ಅದರಲ್ಲೇ ಹತ್ತಿದೆವು. ಅಲ್ಲಿಂದ ದೇವಸ್ಥಾನಕ್ಕೆ ಒಳ್ಳೆಯ ದಾರಿ. ನಡುವೆ 108 ಮೆಟ್ಟಿಲು ಬರುತ್ತವೆ, ಆಗದವರಿಗೆ ಪಕ್ಕದಲ್ಲೇ ಏರುದಾರಿ. ಆಮೇಲೂ ಸ್ವಲ್ಪ ಮೆಟ್ಟಿಲಿವೆ, ನಿಧಾನವಾಗಿ ಹತ್ತಿಸಿ.

ಆ ದೇವಸ್ಥಾನವೇ ಯಾಕುವೊ-ಇನ್, ಶಿಂಗೊನ್ ಅನ್ನೋ ಬೌದ್ಧ ಪಂಥದ್ದು. 744ರಲ್ಲಿ ಶುರುವಾಯಿತು ಅನ್ನುತ್ತಾರೆ. ಅಲ್ಲಿ ದಿನಕ್ಕೆ ಹಲವು ಸಲ ಗೊಮಾ ನಡೆಯುತ್ತದೆ. ಡೋಲು ಬಡಿಯುತ್ತಾ, ಮಂತ್ರ ಹೇಳುತ್ತಾ, ಬೆಂಕಿಗೆ ಕಟ್ಟಿಗೆ ಹಾಕುತ್ತಾರೆ. ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟವರು ಅಲ್ಲೇ ನಿಂತರು. "ಇದು ಹೋಮ ಕಣೋ," ಅಂದರು. ನಿಜವಾಗಿಯೂ ಆ ಮಾತು ನಮ್ಮ ಹೋಮವೇ. ಚೀನಾ ದಾಟಿ ಬರುವಷ್ಟರಲ್ಲಿ ಗೊಮಾ ಆಗಿದೆ. ಅಪ್ಪ ಕೈ ಮುಗಿದುಕೊಂಡೇ ಇದ್ದರು. ಮೂರು ತಿಂಗಳಲ್ಲಿ ಅವರ ಮುಖದಲ್ಲಿ ಆ ಬೆಳಕು ನಾನು ನೋಡಿರಲಿಲ್ಲ. ಮೊದಲ ವಾರವೇ ಕರೆತಂದಿದ್ದರೆ ಹತ್ತು ಸಲ ಬರುತ್ತಿದ್ದರು. ಅಪ್ಪ ಅಮ್ಮ ಬಂದರೆ ಮೊದಲು ಇಲ್ಲಿಗೆ ಕರೆತನ್ನಿ. ಟವರು ಆಮೇಲೆ.

ಅವತ್ತು ಮಧ್ಯಾಹ್ನವೇ ಇನ್ನೊಂದು ತಪ್ಪು ಮಾಡಿದೆ. ಬೆಟ್ಟದ ಬುಡದಲ್ಲಿ ಸೊಬಾ ತಿಂದೆವು, ಸಾರಿನಲ್ಲಿ ಹಾಕಿ ಕೊಡುವ ನೂಡಲ್ಸ್. ಮಾಂಸ ಇಲ್ಲ ತಾನೇ ಅಂತ ಕೇಳಿದೆ, ಇಲ್ಲ ಅಂದರು. ಸುಳ್ಳಲ್ಲ. ಆದರೆ ಆ ಸಾರನ್ನು ಸಾಮಾನ್ಯವಾಗಿ ಕತ್ಸುವೊ ಅನ್ನೋ ಒಣಮೀನಿನ ದಾಶಿಯಿಂದಲೇ, ಅಂದರೆ ಅದರ ರಸದಿಂದಲೇ, ಮಾಡುತ್ತಾರೆ. ನನಗೆ ಗೊತ್ತಾದದ್ದು ಒಂದು ವರ್ಷದ ನಂತರ. ಜೀವಮಾನದಲ್ಲಿ ಮೊಟ್ಟೆ ಮುಟ್ಟದ ಅಪ್ಪ ಬಟ್ಟಲು ಖಾಲಿ ಮಾಡಿ ಚೆನ್ನಾಗಿದೆ ಅಂದಿದ್ದರು. ಅವರಿಗೆ ಹೇಳಲಾಗಲಿಲ್ಲ, ಇನ್ನು ಹೇಳುವಂತೆಯೂ ಇಲ್ಲ. ನೀವು ಮಾಂಸ ಇದೆಯಾ ಅಂತ ಕೇಳಿ ಬಿಡಬೇಡಿ, ದಾಶಿ ಯಾವುದರದ್ದು ಅಂತ ಕೇಳಿ. ಮೊದಲೇ ಬುಕ್ ಮಾಡಿದರೆ ದೇವಸ್ಥಾನದಲ್ಲೇ ಶೋಜಿನ್ ಊಟ ಸಿಗುತ್ತದೆ, ಸನ್ಯಾಸಿಗಳ ಸಸ್ಯಾಹಾರ.

ಕಾಲು ಗಟ್ಟಿಯಾದ ಮೇಲೆ 929 ಮೀಟರಿನ ಮಿತಾಕೆಗೆ ಹೋಗಿ. ಓಕುತಾಮಾ ಕಡೆ ಕರಡಿ ಇವೆ, ಬ್ಯಾಗಿಗೆ ಗಂಟೆ ಕಟ್ಟಿ. ತಾನ್‌ಜಾವಾ ಬೆಟ್ಟಗಳಲ್ಲಿ ಬೇಸಿಗೆಗೆ ಜಿಗಣೆ. ಉಪ್ಪು ಯಾಕೆ ಒಯ್ಯಬೇಕು ಅಂತ ನಿಮಗೆ ಹೇಳಬೇಕಿಲ್ಲ. ನಿಕ್ಕೋದ ಕೆಗೊನ್ ಜಲಪಾತ 97 ಮೀಟರ್. ಜೋಗ ನೋಡಿದವರು ಹೋಲಿಸಲು ಹೋಗಬೇಡಿ, ಲಿಫ್ಟಿನಲ್ಲಿ ಕೆಳಗಿಳಿದು ಅದನ್ನು ಅದರಂತೆಯೇ ನೋಡಿ.

ಮಗಳಿಗೀಗ ಹನ್ನೊಂದು. ದಾರಿಯಲ್ಲಿ ಎದುರಾದವರಿಗೆಲ್ಲ ಕೊನ್ನಿಚಿವಾ ಅನ್ನುತ್ತಾಳೆ. ಮರಗಳ ಹೆಸರೆಲ್ಲ ಜಪಾನಿಯಲ್ಲೇ ಬರುತ್ತದೆ. ಕೊಡಚಾದ್ರಿ ಅಂದರೆ ಫೋಟೊ ತೋರಿಸು ಅನ್ನುತ್ತಾಳೆ. ಅದು ನನಗೆ ನೋವೇ. ಆದರೆ ಗೊಮಾ ಶುರುವಾದಾಗ ಪ್ರತಿ ಸಲ ಅದೇ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾಳೆ. "ಅಜ್ಜ ನಿಂತಿದ್ದು ಇಲ್ಲೇ ಅಲ್ವಾ ಅಪ್ಪಾ?" ಅಂತ ಕೇಳುತ್ತಾಳೆ, ಕನ್ನಡದಲ್ಲಿ.