ಒಂಬತ್ತು ದಿನದ ರಜೆಯಲ್ಲಿ ದಣಿವು ಕಳೆದು ಬರುವುದು ಹೇಗೆ?

ಸೋಮವಾರ ಬೆಳಗಿನ ಐದೂವರೆಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸುಗಳಿಂದ ಇಳಿಯುವವರಲ್ಲಿ ರಜೆ ಮುಗಿಸಿ ಬಂದವರು ಯಾರೆಂದು ನೋಡಿದ ಕೂಡಲೇ ತಿಳಿಯುತ್ತದೆ. ಒಂದು ಕೈಯಲ್ಲಿ ತೆಂಗಿನಕಾಯಿ ತುಂಬಿದ ಚೀಲ, ಹೆಗಲ ಮೇಲೆ ನಿದ್ದೆ ಹೋದ ಮಗು, ಒಂಬತ್ತಕ್ಕೆ ಕಚೇರಿ ಸೇರಬೇಕೆಂಬ ಧಾವಂತ. ನಾನೂ ಹಲವು ವರ್ಷ ಹೀಗೆ ಬಂದಿಳಿದು, ಸ್ನಾನ ಮಾಡಿ, ತೂಕಡಿಸುತ್ತಲೇ ಕೆಲಸಕ್ಕೆ ಹಾಜರಾಗಿದ್ದೇನೆ. ರಜೆಗೆ ಮೊದಲು ಇದ್ದ ದಣಿವು ಮರಳಿದ ಮೇಲೂ ಉಳಿದಿದ್ದರೆ ರಜೆ ಸಾಲಲಿಲ್ಲ ಎಂದುಕೊಳ್ಳುತ್ತೇವೆ. ಆದರೆ ಹೆಚ್ಚಿನ ಸಲ ಕೆಡುವುದು ಹೊರಡುವ ಹಿಂದಿನ ವಾರ ಮತ್ತು ಮರಳುವ ದಿನ. ಆದ್ದರಿಂದ ರಜೆಯ ಯೋಜನೆಯನ್ನು ಊರು ಆರಿಸುವುದರಿಂದಲ್ಲ, ಈ ಎರಡು ಅಂಚುಗಳಿಂದ ಶುರು ಮಾಡಬೇಕು.

ಮೊದಲು ದಿನಗಳ ಲೆಕ್ಕ. ದೀರ್ಘ ರಜೆಗೆ ಹೋದ 54 ಉದ್ಯೋಗಿಗಳನ್ನು ಗಮನಿಸಿ ಜೆಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಆರೋಗ್ಯ ಮತ್ತು ನೆಮ್ಮದಿ ಎಂಟನೆಯ ದಿನದ ಹೊತ್ತಿಗೆ ಅತಿ ಹೆಚ್ಚಿನ ಮಟ್ಟ ತಲುಪಿದ್ದು ಕಂಡುಬಂತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಹಳೆಯ ಮಟ್ಟಕ್ಕೆ ಇಳಿದಿತ್ತು. ನನಗೆ ಇದರಿಂದ ಎರಡು ಮಾತು ಸ್ಪಷ್ಟವಾಗಿವೆ. ವರ್ಷಕ್ಕೊಮ್ಮೆಯಾದರೂ ಎಂಟೊಂಬತ್ತು ದಿನ ಸತತವಾಗಿ ಬಿಡುವು ಬೇಕು, ಮತ್ತು ಅದರ ಫಲ ಬೇಗ ಕರಗುವುದರಿಂದ ಎರಡು ಮೂರು ವರ್ಷದ ರಜೆಯನ್ನು ಕೂಡಿಟ್ಟು ಒಮ್ಮೆಗೇ ಬಳಸಿದರೆ ನಷ್ಟವೇ ಹೆಚ್ಚು.

ವಾರಕ್ಕೆ ಐದು ದಿನ ಕೆಲಸವಿರುವವರು ಐದು ರಜೆ ಹಾಕಿದರೆ ಎರಡೂ ಬದಿಯ ಶನಿವಾರ, ಭಾನುವಾರ ಸೇರಿ ಒಂಬತ್ತು ದಿನ ಸಿಗುತ್ತದೆ. ರಾಜ್ಯ ಸರ್ಕಾರಿ ನೌಕರರ ಲೆಕ್ಕ ಸ್ವಲ್ಪ ಬೇರೆ. 2019ರಲ್ಲಿ ನಾಲ್ಕನೆಯ ಶನಿವಾರವೂ ರಜೆಯಾದಾಗ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಹಾಗಾಗಿ ದೀರ್ಘ ಬಿಡುವಿಗೆ ಜನವರಿ ಮತ್ತು ಜುಲೈಯಲ್ಲಿ ತಲಾ 15ರಂತೆ ಖಾತೆಗೆ ಸೇರುವ ಗಳಿಕೆ ರಜೆಯನ್ನೇ ಬಳಸುವುದು ಒಳ್ಳೆಯದು. ಎರಡನೆಯ ಶನಿವಾರ ಮತ್ತು ಅದರ ಮರುದಿನದ ಭಾನುವಾರವನ್ನು ರಜೆಯ ಮುಂದೆ ಜೋಡಿಸಿ, ಸೋಮವಾರದಿಂದ ಶನಿವಾರದವರೆಗೆ ಆರು ದಿನ ಗಳಿಕೆ ರಜೆ ಹಾಕಿ, ನಂತರದ ಭಾನುವಾರವನ್ನು ಕೊನೆಗೆ ಸೇರಿಸಿಕೊಂಡರೆ ಒಂಬತ್ತು ದಿನವಾಗುತ್ತದೆ. ನಡುವೆ ಬರುವ ಸಾರ್ವತ್ರಿಕ ರಜೆ ಗಳಿಕೆ ರಜೆಯ ಲೆಕ್ಕಕ್ಕೇ ಹೋಗುವುದರಿಂದ, ಹಬ್ಬವು ಆರಂಭದಲ್ಲೋ ಕೊನೆಯಲ್ಲೋ ಬರುವಂತೆ ದಿನಾಂಕ ಆರಿಸಿಕೊಳ್ಳಿ. ಕಾರ್ಖಾನೆಗಳಲ್ಲಿ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯಂತೆ, ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದ ವೇತನಸಹಿತ ರಜೆ ಸಿಗುತ್ತಿತ್ತು. ರಜೆಯನ್ನು ನಗದು ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಮಗಳ ಶುಲ್ಕವನ್ನೋ ಸಾಲದ ಕಂತನ್ನೋ ಕಟ್ಟಬೇಕಾದವರಿಗೆ ಅದು ಅನಿವಾರ್ಯವೂ ಹೌದು. ಆದರೂ ವರ್ಷಕ್ಕೆ ಒಂದು ವಾರವನ್ನಾದರೂ ಮಾರದೆ ಉಳಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ದಿನಾಂಕ ನಿಶ್ಚಯವಾದ ಮೇಲೆ ಕೆಲಸ ವಹಿಸಿಕೊಡುವ ತಯಾರಿ. ಹೊರಡುವ ಹಿಂದಿನ ಸಂಜೆ ಏಳು ಗಂಟೆಗೆ ಸಹೋದ್ಯೋಗಿಯ ಮೇಜಿನ ಮುಂದೆ ನಿಂತು ಬಾಯಿಮಾತಿನಲ್ಲಿ ಹೇಳಿಹೋದ ಕೆಲಸವೇ ಮೂರನೆಯ ದಿನ ಫೋನಾಗಿ ಬರುತ್ತದೆ. ನಾಲ್ಕು ದಿನ ಮೊದಲೇ ಒಂದು ಪುಟ ಬರೆದುಕೊಡಿ: ಬಾಕಿ ಇರುವ ಕೆಲಸ ಯಾವುದು, ಕಡತ ಎಲ್ಲಿದೆ, ಯಾವುದಕ್ಕೆ ಗಡುವು ಇದೆ, ತೀರ್ಮಾನ ಬೇಕಾದರೆ ಯಾರನ್ನು ಕೇಳಬೇಕು, ಯಾವುದು ನೀವು ಬರುವ ತನಕ ಕಾಯಬಹುದು. ಈ ಕೊನೆಯದನ್ನು ಬರೆಯಲು ಹಲವರು ಮರೆಯುತ್ತಾರೆ. ಆದರೆ ಅರ್ಧದಷ್ಟು ಫೋನುಗಳನ್ನು ತಡೆಯುವುದು ಆ ಸಾಲೇ. ನಂತರ ಕಚೇರಿಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ, ನಿಜವಾದ ತುರ್ತಿಗೆ ಕರೆ ಮಾಡಲು ಒಬ್ಬರಿಗೆ ಮಾತ್ರ ಒಪ್ಪಿಗೆ ಕೊಡಿ. ಯಾವ ಗಳಿಗೆಯಲ್ಲಾದರೂ ಕರೆ ಬಂದೀತು ಎಂಬ ನಿರೀಕ್ಷೆಯಲ್ಲಿರುವ ಮನಸ್ಸು, ಕರೆ ಬಾರದಿದ್ದರೂ ಕೆಲಸದಲ್ಲೇ ಇರುತ್ತದೆ.

ಮೊದಲ ಎರಡು ದಿನಗಳಿಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆಗೆಟ್ಟ ದೇಹ ಆ ದಿನಗಳಲ್ಲಿ ಬಾಕಿ ತೀರಿಸಿಕೊಳ್ಳುತ್ತದೆ. ಬಿಡುವು ಸಿಕ್ಕ ಕೂಡಲೇ ತಲೆನೋವು, ನೆಗಡಿ ಹಿಡಿಯುವವರೂ ಇದ್ದಾರೆ. ಮಧ್ಯಾಹ್ನ ಊಟದ ನಂತರ ಚಾಪೆ ಹಾಸಿ ಮಲಗಿದರೆ ಸೋಮಾರಿ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಮೊದಲೇ ಹೇಳಿಟ್ಟಿರಿ. ಪ್ರವಾಸವಿದ್ದರೆ ಅದು ಮೂರನೆಯ ದಿನದ ನಂತರ ಇರಲಿ, ವಾರದ ನಡುವೆ ಇರಲಿ. ದೀರ್ಘ ವಾರಾಂತ್ಯದ ಶುಕ್ರವಾರ ಸಂಜೆ ನೆಲಮಂಗಲ ದಾಟುವಷ್ಟರಲ್ಲೇ ಅರ್ಧ ಉತ್ಸಾಹ ಇಂಗಿಹೋಗುತ್ತದೆ. ಅದೇ ರಸ್ತೆಯಲ್ಲಿ ಬುಧವಾರ ಬೆಳಿಗ್ಗೆ ನೆಮ್ಮದಿಯಿಂದ ಸಾಗಬಹುದು. ವಾರದ ನಡುವೆ ಹೋಗುವವರು ಬಾಗಿಲು ಮುಚ್ಚುವ ದಿನವನ್ನು ವಿಚಾರಿಸಿಕೊಳ್ಳಬೇಕು, ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ವಾರದ ರಜೆ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನ ಮೊದಲು ತೆರೆಯುತ್ತಿರುವುದರಿಂದ, ದಸರಾ ದೀಪಾವಳಿಯ ಪ್ರಯಾಣಕ್ಕೆ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇನ್ನು ಊರಿನ ಮನೆಯ ವಿಷಯ. ನಾನು ಬಹಳ ಕಾಲ ಗಮನಿಸದೇ ಹೋದದ್ದು ಇದನ್ನೇ. ಒಂದು ದೀಪಾವಳಿಗೆ ನಾಲ್ಕು ಸಂಸಾರಗಳು ಊರಿನಲ್ಲಿ ಸೇರಿದ್ದೆವು. ಬೆಳಿಗ್ಗೆ ನಾವೆಲ್ಲ ಜಗುಲಿಯಲ್ಲಿ ಕಾಫಿ ಕುಡಿಯುತ್ತ ಹರಟುತ್ತಿದ್ದಾಗ ಅತ್ತಿಗೆ ಒಲೆಯ ಮುಂದೆ ನಿಂತು ಹದಿನೆಂಟು ಜನಕ್ಕೆ ನೀರುದೋಸೆ ಎರೆಯುತ್ತಿದ್ದರು. ನೀರು ಕುಡಿಯಲು ಒಳಗೆ ಹೋದಾಗ, ಎಲ್ಲರ ತಿಂಡಿ ಮುಗಿದ ಮೇಲೆ ಉಳಿದ ಎರಡು ತಣ್ಣನೆಯ ದೋಸೆಯನ್ನು ಅವರು ನಿಂತುಕೊಂಡೇ, ತಳದಲ್ಲಿದ್ದ ಚಟ್ನಿಗೆ ಒತ್ತಿ ತಿನ್ನುತ್ತಿದ್ದುದನ್ನು ಕಂಡೆ. ಅವರೂ ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ಬಂದವರೇ. ಅಂದಿನಿಂದ ನಮ್ಮಲ್ಲಿ ಒಂದು ಏರ್ಪಾಡು ನಡೆದುಬಂದಿದೆ: ಬೆಳಗಿನ ತಿಂಡಿ ಸರದಿಯಂತೆ ಒಂದೊಂದು ಸಂಸಾರದ್ದು, ಅದರಲ್ಲಿ ಗಂಡಸರು ಕಡ್ಡಾಯವಾಗಿ ಇರಬೇಕು, ಎರಡು ದಿನ ಒಗ್ಗರಣೆ ಅವಲಕ್ಕಿಯೇ ಸಾಕು, ಹಬ್ಬದ ದಿನಕ್ಕೆ ಅಡುಗೆಯವರನ್ನು ಕರೆಸಿ ಖರ್ಚನ್ನು ಹಂಚಿಕೊಳ್ಳುತ್ತೇವೆ, ಪ್ರತಿಯೊಬ್ಬರಿಗೂ ಅಡುಗೆಮನೆಗೆ ಕಾಲಿಡಬೇಕಿಲ್ಲದ ಒಂದು ಪೂರ್ತಿ ದಿನ ಇರುತ್ತದೆ. ಅತ್ತೆ ಮೊದಲ ವರ್ಷ ಬೇಸರಪಟ್ಟುಕೊಂಡರು. ಎರಡನೆಯ ವರ್ಷ ತಮ್ಮ ದಿನ ಯಾವುದೆಂದು ಅವರೇ ಕೇಳಿದರು. ಸೊಸೆಯಂದಿರಿಗೆ ತವರಿಗೆ ಹೋಗಿಬರುವ ಎರಡು ದಿನಗಳನ್ನು ಈ ಒಂಬತ್ತರಲ್ಲೇ ಮೊದಲು ಬರೆದಿಟ್ಟು, ಉಳಿದ ಕಾರ್ಯಕ್ರಮವನ್ನು ಅದರ ಸುತ್ತ ಹೊಂದಿಸಬೇಕು.

ಸುಮ್ಮನೆ ಕೂತಿರುವುದರಿಂದಲೇ ದಣಿವು ಪೂರ್ತಿ ಹೋಗುವುದಿಲ್ಲ. ಕೆಲಸದ ಯೋಚನೆಯಿಂದ ದೂರವಿರುವುದು ಮತ್ತು ಆರಾಮವಾಗಿರುವುದರ ಜೊತೆಗೆ, ಹೊಸದನ್ನು ಕಲಿಯುವುದು ಮತ್ತು ದಿನವನ್ನು ತಾನೇ ನಿರ್ಧರಿಸುವುದೂ ಚೇತರಿಕೆಗೆ ಬೇಕೆಂದು ಮನಶ್ಶಾಸ್ತ್ರಜ್ಞೆ ಸಬೀನ್ ಸೊನ್ನೆನ್‌ಟಾಗ್ ಅವರು ಶಾರ್ಲಟ್ ಫ್ರಿಟ್ಜ್ ಜೊತೆ 2007ರಲ್ಲಿ ಗುರುತಿಸಿದ್ದಾರೆ. ಹಾಗಾಗಿ ರಜೆಗೆ ಒಂದೇ ಒಂದು ಸಣ್ಣ ಕಲಿಕೆಯನ್ನು ಆರಿಸಿಕೊಳ್ಳಿ: ಚಿಕ್ಕಪ್ಪನಿಂದ ಗುಲಾಬಿಗೆ ಕಸಿ ಕಟ್ಟುವುದನ್ನು ಕಲಿಯಬಹುದು, ಮಕ್ಕಳ ಜೊತೆ ಹಕ್ಕಿಗಳ ಹೆಸರು ಬರೆದಿಡಬಹುದು. ಅದರಲ್ಲಿ ಪ್ರಾವೀಣ್ಯ ಬರಬೇಕಾಗಿಲ್ಲ.

ಮರಳುವ ಪ್ರಯಾಣ ಶನಿವಾರವೇ ಮುಗಿಯಲಿ. ಒಂದು ದಿನ ಕಡಿಮೆಯಾಯಿತೆಂದು ಮನೆಯವರು ಗೊಣಗಿದರೂ ಈ ಮಾತನ್ನು ಬಿಟ್ಟುಕೊಡಬೇಡಿ. ಭಾನುವಾರ ಬಟ್ಟೆ ಒಗೆದು, ತರಕಾರಿ ತಂದು, ದೋಸೆ ಹಿಟ್ಟು ರುಬ್ಬಿಟ್ಟು, ಹತ್ತು ಗಂಟೆಗೆ ಸ್ವಂತ ಹಾಸಿಗೆಯಲ್ಲಿ ಮಲಗಿದರೆ ಸೋಮವಾರದ ಮುಖವೇ ಬೇರೆಯಾಗಿರುತ್ತದೆ. ಅಂದು ಮಧ್ಯಾಹ್ನದವರೆಗೆ ಸಭೆಗಳನ್ನು ಒಪ್ಪಿಕೊಳ್ಳಬೇಡಿ. ಮಿಂಚಂಚೆಯನ್ನು ತೆರೆಯುವ ಮೊದಲು, ನಿಮ್ಮ ಕೆಲಸ ನೋಡಿಕೊಂಡವರ ಬಳಿ ಊರಿನಿಂದ ತಂದ ಹಲಸಿನ ಹಪ್ಪಳದೊಂದಿಗೆ ಹೋಗಿ ಕುಳಿತು, ಒಂಬತ್ತು ದಿನ ಏನೇನಾಯಿತೆಂದು ಕೇಳಿ ತಿಳಿದುಕೊಳ್ಳಿ. ಅವರ ರಜೆ ಯಾವಾಗ ಎಂದು ವಿಚಾರಿಸಿ, ಆ ದಿನಾಂಕಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಅಲ್ಲಿಯೇ ಬರೆದುಕೊಳ್ಳಿ.