ಏಳು ಎಲಿಮೆಂಟ್ಸ್ ಬಾಯಿಪಾಠ ಇತ್ತು, ಚಿತ್ರ ಮಾತ್ರ ಸಪ್ಪೆ

ಲೈನ್, ಶೇಪ್, ಫಾರ್ಮ್, ಸ್ಪೇಸ್, ವ್ಯಾಲ್ಯೂ, ಕಲರ್, ಟೆಕ್ಸ್ಚರ್. ಚಿತ್ರಕಲೆಯ ಏಳು ಎಲಿಮೆಂಟ್ಸ್, ಅಂದ್ರೆ ಚಿತ್ರ ಕಟ್ಟೋ ಮೂಲ ಸಾಮಾನು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಿದ್ದೆ. ಕನ್ನಡದಲ್ಲೇ ಹೇಳಪ್ಪ ಅಂದ್ರೆ ರೇಖೆ, ಆಕಾರ, ಘನರೂಪ, ಅವಕಾಶ, ಛಾಯೆ, ವರ್ಣ, ಮೈವಳಿಕೆ ಅಂತ ಅದನ್ನೂ ಒಪ್ಪಿಸ್ತಿದ್ದೆ. ಅದರ ಹಿಂದೇನೇ ಬ್ಯಾಲೆನ್ಸ್, ಕಾಂಟ್ರಾಸ್ಟ್, ಎಂಫಸಿಸ್, ಮೂವ್‌ಮೆಂಟ್, ರಿದಮ್, ಪ್ರೊಪೋರ್ಷನ್, ಯೂನಿಟಿ ಅಂತ ಪ್ರಿನ್ಸಿಪಲ್ಸ್ ಪಟ್ಟಿ ಬೇರೆ, ಅಂದ್ರೆ ಆ ಸಾಮಾನನ್ನ ಜೋಡಿಸೋ ಸೂತ್ರಗಳು. ಒಂದು ವರ್ಷದ ಹತ್ರ ಹತ್ರ ನಾನು ಮಾಡಿದ್ದೇನಂದ್ರೆ, ಚಿತ್ರ ಮುಗಿಸಿದ್ಮೇಲೆ ಈ ಪಟ್ಟಿ ತೆಗ್ದು ಟಿಕ್ ಹಾಕೋದು, ಲೈನ್ ಇದೆ ಟಿಕ್, ಕಲರ್ ಇದೆ ಟಿಕ್, ಎಲ್ಲಾ ಇದೆ, ಮತ್ಯಾಕೆ ಹಿಂಗೆ ಸಪ್ಪೆಯಾಗಿದೆ ಅಂತ ತಲೆ ಕೆರ್ಕೊಳ್ಳೋದು. ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಯಾಕಂದ್ರೆ ಮಗು ಗೋಡೆ ಮೇಲೆ ಗೀಚಿದ್ರಲ್ಲೂ ಇವೆಲ್ಲ ಇದ್ದೇ ಇರುತ್ತೆ.

ತಿರುವು ಸಿಕ್ಕಿದ್ದು ಒಂದು ಬಿಳಿ ಮಗ್ಗಿಂದ. ಬಿಳಿ ಮಗ್, ಪಕ್ಕದಲ್ಲಿ ಮಡಚಿಟ್ಟ ಕಪ್ಪು ಬಟ್ಟೆ, ಹಿಂದೆ ಬೂದು ಬಣ್ಣದ ಗೋಡೆ, ಎಡಗಡೆಯಿಂದ ಒಂದು ಟೇಬಲ್ ಲ್ಯಾಂಪ್. ಎರಡು ಗಂಟೆ ಕೂತು ಬರೆದೆ. ಕಲಿಸ್ತಿದ್ದ ಮೇಷ್ಟ್ರು ಬಂದು ನನ್ನ ಹಾಳೆ ಎತ್ಕೊಂಡು ಹೋಗಿ ಆ ಮಗ್ಗಿನ ಪಕ್ಕದಲ್ಲೇ ನಿಲ್ಲಿಸಿದ್ರು, ಆಮೇಲೆ ದೂರದಿಂದ ಕಣ್ಣು ಅರ್ಧ ಮುಚ್ಕೊಂಡು ಎರಡನ್ನೂ ನೋಡು ಅಂದ್ರು. ನೋಡಿದೆ. ಎದುರಿಗಿದ್ದ ಮಗ್ಗಿನ ಬಲಗಡೆ, ಅಂದ್ರೆ ನೆರಳಿನ ಕಡೆ, ಹಿಂದಿನ ಗೋಡೆಗಿಂತ ಡಾರ್ಕ್ ಆಗಿ ಕಾಣ್ತಿತ್ತು. ನನ್ನ ಚಿತ್ರದಲ್ಲಿ ಆ ಭಾಗ ಖಾಲಿ ಪೇಪರ್! ಯಾಕೆ ಅಂದ್ರೆ ನನ್ನ ತಲೇಲಿ ಮಗ್ ಬಿಳಿ, ಬಿಳಿ ಅಂದ್ಮೇಲೆ ಪೆನ್ಸಿಲ್ ಮುಟ್ಟಿಸೋ ಹಾಗಿಲ್ಲ. ನಾನು ನೋಡಿದ್ದನ್ನ ಬರೀತಾನೇ ಇರ್ಲಿಲ್ಲ, ಗೊತ್ತಿದ್ದನ್ನ ಬರೀತಿದ್ದೆ.

ಅವತ್ತೇ ತೀರ್ಮಾನ ಮಾಡಿದೆ, ಈ ಏಳನ್ನೂ ಒಟ್ಟಿಗೆ ಹಿಡಿಯೋಕೆ ಹೋಗಲ್ಲ, ಒಂದೊಂದೇ ತಗೊಂಡು ಉಳಿದಿದ್ದನ್ನ ಸದ್ಯಕ್ಕೆ ಮರೀತೀನಿ ಅಂತ. ಮೊದಲು ವ್ಯಾಲ್ಯೂ, ಅಂದ್ರೆ ಒಂದು ಜಾಗ ಎಷ್ಟು ತಿಳಿ ಎಷ್ಟು ಗಾಢ ಅನ್ನೋದು. ಪುಸ್ತಕಗಳು ಲೈನಿಂದ ಶುರು ಮಾಡ್ತವೆ, ನನ್ನ ಕೇಳಿದ್ರೆ ವ್ಯಾಲ್ಯೂ ಇಂದ ಶುರು ಮಾಡಿ ಅಂತೀನಿ, ಜಗಳಕ್ಕೆ ಬರೋರು ಬರ್ಬಹುದು.

ಉದ್ದಕ್ಕೆ ಒಂಬತ್ತು ಚೌಕ ಹಾಕ್ಕೊಂಡೆ, 1 ಅಂದ್ರೆ ಪೇಪರಿನ ಬಿಳಿ, 9 ಅಂದ್ರೆ 6ಬಿ ಪೆನ್ಸಿಲ್ ಕೊಡೋ ಪೂರ್ತಿ ಕಪ್ಪು (ಪೆನ್ಸಿಲ್ ಮೇಲೆ ಬಿ ಅಂದ್ರೆ ಮೆತ್ತಗೆ, ಕಪ್ಪು; ಎಚ್ ಅಂದ್ರೆ ಗಟ್ಟಿ, ತಿಳಿ), ನಡುವೆ ಸಮವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು. ಸುಲಭ ಅನ್ಸುತ್ತೆ ಅಲ್ವಾ? ಮೊದಲನೇ ಸಲ 1ರಿಂದ ಸಾಲಾಗಿ ತುಂಬಿಸ್ತಾ ಹೋದೆ, ಐದನೇ ಚೌಕಕ್ಕೆ ಬರೋ ಹೊತ್ತಿಗೆ ಕಪ್ಪು ಖಾಲಿ, ಮುಂದಿನ ನಾಲ್ಕೂ ಒಂದೇ ಥರ. ಎಚ್‌ಬಿ ಪೆನ್ಸಿಲ್ಲಿಂದಾನೇ ಒತ್ತಿ ಒತ್ತಿ ಕಪ್ಪು ಮಾಡೋಕೆ ನೋಡಿದೆ, ಅದು ಕಪ್ಪಾಗಲ್ಲ, ಬರೀ ಹೊಳೆಯುತ್ತೆ, ಪೇಪರಿನ ಮೈ ಹಾಳಾಗುತ್ತೆ. ಆಮೇಲೆ ಗೊತ್ತಾಯ್ತು ಎರಡೂ ತುದಿ ಮೊದಲು ಮಾಡ್ಕೋಬೇಕು, ಆಮೇಲೆ ನಡುವಿನ 5, ಆಮೇಲೆ 3 ಮತ್ತು 7, ಕೊನೇಲಿ ಉಳಿದಿದ್ದು, ತಿಳಿ ಚೌಕಕ್ಕೆ 2ಎಚ್, ನಡುವೆ 2ಬಿ, ಕೆಳಗೆ ಹೋಗ್ತಾ 4ಬಿ, 6ಬಿ. ನಾಲ್ಕನೇ ಸ್ಟ್ರಿಪ್ ಸ್ವಲ್ಪ ಮುಖ ನೋಡೋ ಹಾಗಾಯ್ತು. ಅದನ್ನ ಕತ್ತರಿಸಿ ಪ್ರತಿ ಚೌಕದ ನಡುವೆ ಒಂದೊಂದು ತೂತು ಮಾಡಿ, ಆ ತೂತಿನಿಂದ ಮನೆಯಲ್ಲಿರೋದನ್ನೆಲ್ಲ ನೋಡ್ತಾ ಓಡಾಡಿದೆ, ಬಾಗಿಲು ಎಷ್ಟನೇ ನಂಬರು, ದಿಂಬಿನ ಕೆಳಗಿನ ನೆರಳು ಎಷ್ಟನೇ ನಂಬರು ಅಂತ. ಮನೆಯೋರು ವಿಚಿತ್ರವಾಗಿ ನೋಡಿದ್ರು, ನೋಡ್ಲಿ ಬಿಡಿ. ತೂತಿನಲ್ಲಿ ಕಾಣೋ ಜಾಗಕ್ಕೆ ಹೆಸರೇ ಇರಲ್ಲ, ಮಗ್ಗೂ ಅಲ್ಲ ಗೋಡೆಯೂ ಅಲ್ಲ, ಬರೀ ಒಂದು ಬೂದು ಚುಕ್ಕೆ, ಹಾಗಾಗಿ ತಲೆ ಸುಳ್ಳು ಹೇಳೋಕೆ ದಾರಿ ಇರಲ್ಲ.

ಮೂರು ವಾರ ಇದೇ. ಆಮೇಲೆ ಅದೇ ಮಗ್ ಮತ್ತೆ ಬರೆದೆ, ಈ ಸಲ ಅಂಚಿನ ಗೆರೆ ಹಾಕ್ದೇನೇ. ಬಲ ಅಂಚಲ್ಲಿ ಮಗ್ ಡಾರ್ಕ್, ಗೋಡೆ ಲೈಟ್. ಎಡ ಅಂಚಲ್ಲಿ ಮಗ್ ಲೈಟ್, ಗೋಡೆ ಡಾರ್ಕ್. ಗೆರೆಯಿಲ್ದೇ ಮಗ್ ಎದ್ದು ನಿಂತ್ಕೊಂಡ್ಬಿಡ್ತು. ಪಟ್ಟೀಲಿ ಕಾಂಟ್ರಾಸ್ಟ್ ಅಂತ ಬರ್ಕೊಂಡಿದ್ನಲ್ಲ, ಅದು ಇದು ಅಂತ ಕೈಗೆ ತಿಳಿದಿದ್ದು ಆಗ. ವ್ಯಾಲ್ಯೂ ಅನ್ನೋದು ನಾನು ಪೇಪರ್ ಮೇಲೆ ಇಡೋ ಸಾಮಾನು, ಕಾಂಟ್ರಾಸ್ಟ್ ಅನ್ನೋದು ಅಂಥ ಎರಡು ಸಾಮಾನು ಅಕ್ಕಪಕ್ಕ ಬಂದಾಗ ಅವುಗಳ ನಡುವೆ ಆಗೋ ವ್ಯವಹಾರ. ಎಲಿಮೆಂಟಿಗೂ ಪ್ರಿನ್ಸಿಪಲ್ಲಿಗೂ ಇರೋ ವ್ಯತ್ಯಾಸ ಇಷ್ಟೇ. ಇದು ಗೊತ್ತಾಗೋಕೆ ನಂಗೆ ಒಂದು ವರ್ಷ ಹಿಡೀತು.

ಗೆರೆಯಿಲ್ದೇ ನಡೆಯುತ್ತೆ ಅಂತ ಗೊತ್ತಾದ್ಮೇಲೆ ಗೆರೆ ಮೇಲೆ ಗೌರವ ಬಂತು, ತಮಾಷೆ ಅಂದ್ರೆ ಇದು. ಎದುರಿಗಿರೋ ವಸ್ತುವಿನ ಸುತ್ತ ಎಲ್ಲೂ ಗೆರೆ ಇಲ್ಲ, ಅದು ನಾವು ಮಾಡ್ಕೊಂಡಿರೋದು, ಹಾಗಿದ್ಮೇಲೆ ಸುತ್ತಲೂ ಒಂದೇ ದಪ್ಪದಲ್ಲಿ ತಂತಿ ಸುತ್ತಿದ ಹಾಗೆ ಯಾಕೆ ಎಳೀಬೇಕು? ಬೆಳಕು ಬೀಳೋ ಕಡೆ ತೆಳು ಮಾಡಿದೆ, ಮಗ್ ಟೇಬಲ್ಲಿಗೆ ತಾಗೋ ಕಡೆ ದಪ್ಪ, ಒಂದೆರಡು ಕಡೆ ಪೂರ್ತಿ ಬಿಟ್ಟೇಬಿಟ್ಟೆ. ಬಿಟ್ಟ ಜಾಗವನ್ನ ನೋಡೋರ ಕಣ್ಣೇ ತುಂಬಿಸ್ಕೊಳ್ಳುತ್ತೆ. ಡಚ್ ಪೇಂಟರ್ ವರ್ಮೀರ್ 1665ರ ಸುಮಾರಿಗೆ ಬರೆದ ಮುತ್ತಿನ ಓಲೆಯ ಹುಡುಗಿಯ ಚಿತ್ರ ದೊಡ್ಡದು ಮಾಡ್ಕೊಂಡು ನೋಡಿ, ಆ ಮುತ್ತಿಗೆ ಸುತ್ತ ಗೆರೆ ಇಲ್ಲ, ಕಿವಿಗೆ ನೇತುಹಾಕೋ ಕೊಂಡಿ ಕೂಡ ಇಲ್ಲ, ಮೇಲೊಂದು ಬಿಳಿ ಮಚ್ಚೆ, ಕೆಳಗೆ ಕಾಲರಿನ ಬೆಳಕು ಬಿದ್ದಿರೋ ಮಸುಕು, ಅಷ್ಟೇ. ಆದ್ರೂ ಕಣ್ಣು ಅದನ್ನ ಮುತ್ತು ಅಂತಲೇ ನೋಡುತ್ತೆ.

ಶೇಪ್ ವಿಷಯಕ್ಕೆ ಬಂದ್ರೆ, ನಂಗೆ ಬುದ್ಧಿ ಕಲಿಸಿದ್ದು ಕುರ್ಚಿ. ಕುರ್ಚಿಗೆ ನಾಲ್ಕು ಕಾಲು, ಎಲ್ಲಾ ಕಾಲೂ ಒಂದೇ ಉದ್ದ ಅಂತ ನಮ್ಗೆ ಗೊತ್ತು, ಆ ಗೊತ್ತಿರೋದೇ ಶತ್ರು. ಎಷ್ಟು ಸಲ ಬರೆದ್ರೂ ಕುರ್ಚಿ ಕುಂಟ್ತಿತ್ತು. ಕೊನೆಗೆ ಕುರ್ಚಿ ಬರೆಯೋದು ಬಿಟ್ಟು, ಕಾಲುಗಳ ನಡುವಿನ ಸಂದುಗಳನ್ನ ಮಾತ್ರ ಬರೆದೆ, ಇಲ್ಲೊಂದು ಸೊಟ್ಟ ಚೌಕ, ಅಲ್ಲೊಂದು ತ್ರಿಕೋನ, ಬೆನ್ನಿನ ಪಟ್ಟಿಗಳ ನಡುವೆ ಮೂರು ಉದ್ದನೆ ಕಿಂಡಿ. ಆ ಖಾಲಿಗಳನ್ನ ಕಪ್ಪು ಮಾಡ್ತಾ ಹೋದ ಹಾಗೆ ನಡುವೆ ಬಿಳಿ ಕುರ್ಚಿ ತಾನಾಗೇ ಬಂತು, ಕುಂಟದೇ ಬಂತು. ಇದಕ್ಕೆ ನೆಗೆಟಿವ್ ಸ್ಪೇಸ್ ಅಂತಾರೆ ಅಂತ ನಂಗೆ ಮೊದಲೇ ಗೊತ್ತಿತ್ತು, ಪರೀಕ್ಷೇಲಿ ಬರೆದಿದ್ದೆ ಕೂಡ.

ಫಾರ್ಮ್ ಬಗ್ಗೆ ಜಾಸ್ತಿ ಹೇಳಲ್ಲ, ಒಂದು ಚೆಂಡು ಇಟ್ಕೊಂಡು ಹತ್ತು ಸಲ ಶೇಡ್ ಮಾಡಿದ್ರೆ ಅರ್ಧ ಬರುತ್ತೆ. ಎಲ್ರೂ ಮಾಡೋ ತಪ್ಪು ಒಂದಿದೆ, ನಾನೂ ಮಾಡಿದ್ದೆ. ನೆರಳಿನ ಭಾಗದ ಅಂಚಲ್ಲಿ ಟೇಬಲ್ಲಿಂದ ವಾಪಸ್ ಬೀಳೋ ಸಣ್ಣ ಬೆಳಕು ಕಾಣುತ್ತಲ್ಲ, ರಿಫ್ಲೆಕ್ಟೆಡ್ ಲೈಟ್, ಅದು ಕಂಡ ಖುಷಿಗೆ ಅದನ್ನ ಬೆಳ್ಳಗೆ ಮಾಡ್ಬಿಡ್ತೀವಿ. ಆಗ ಚೆಂಡು ತವರದ ಡಬ್ಬಿ ಥರ ಕಾಣುತ್ತೆ. ಅದು ಎಷ್ಟೇ ಹೊಳೆದ್ರೂ ನೆರಳಿನ ಕುಟುಂಬದ್ದೇ, ಬೆಳಕಿನ ಕಡೆ ಇರೋ ಯಾವ ಜಾಗಕ್ಕಿಂತಲೂ ಡಾರ್ಕಾಗೇ ಇಡಿ.

ಸ್ಪೇಸಲ್ಲಿ ನಂಗೆ ಕಾಟ ಕೊಟ್ಟಿದ್ದು ಪರ್ಸ್ಪೆಕ್ಟಿವ್ (ದೂರದ್ದನ್ನ ಚಿಕ್ಕದಾಗಿ ತೋರ್ಸೋ ಲೆಕ್ಕ) ಅಲ್ಲ, ತಾಗೋ ಅಂಚುಗಳು. ಮಗ್ಗಿನ ಮೇಲಿನ ಅಂಚು ಹಿಂದಿನ ಟೇಬಲ್ಲಿನ ಗೆರೆಗೆ ಸರಿಯಾಗಿ ತಾಗಿ ನಿಂತಿತ್ತು, ಎದುರಿಗೆ ಹಾಗೇ ಇತ್ತು, ನಾನೂ ಹಾಗೇ ಬರೆದೆ. ಎರಡೂ ಒಂದಕ್ಕೊಂದು ಅಂಟಿಸಿದ ಹಾಗಾಯ್ತು, ಯಾವುದು ಮುಂದೆ ಯಾವುದು ಹಿಂದೆ ಗೊತ್ತಾಗ್ಲಿಲ್ಲ. ಸ್ಟೂಲಿಂದ ಒಂದಿಷ್ಟು ಎದ್ದು ಕೂತೆ, ಮಗ್ ಆ ಗೆರೆಯಿಂದ ಕೆಳಗಿಳೀತು, ಜಾಗ ತೆರ್ಕೊಳ್ತು. ಒಂದೋ ಪೂರ್ತಿ ಮರೆ ಮಾಡ್ಬೇಕು, ಇಲ್ಲ ಬಿಡಿಸಿ ಇಡ್ಬೇಕು, ತುದಿ ತುದಿ ಮುತ್ತಿಕ್ಕಿಸ್ಬಾರ್ದು.

ಈಗ ಕಲರು, ಇಲ್ಲಿ ನನ್ನ ಮಾನ ಹೋಗಿದ್ದು. ದಟ್ಟ ಹಸಿರು ಎಲೆಗಳ ನಡುವೆ ಕೆಂಪು ಹೂಗಳು, ಅಕ್ರಿಲಿಕ್‌ನಲ್ಲಿ. ಕೆಂಪು ಹಸಿರು ಕಲರ್ ವೀಲಲ್ಲಿ, ಅಂದ್ರೆ ಬಣ್ಣಗಳನ್ನ ಸುತ್ತಲೂ ಜೋಡಿಸಿದ ಚಕ್ರದಲ್ಲಿ, ಎದುರಾಬದುರು, ಹಾಗಾಗಿ ಕಾಂಟ್ರಾಸ್ಟ್ ಗ್ಯಾರಂಟಿ ಅಂತ ನಾಲ್ಕು ದಿನ ಕೂತು ಮಾಡಿದೆ. ಹತ್ರದಿಂದ ಕಣ್ಣು ಕುಕ್ಕುತ್ತೆ, ಮೂರು ಹೆಜ್ಜೆ ಹಿಂದೆ ಹೋದ್ರೆ ಏನೂ ಇಲ್ಲ, ಒಂದು ಮುದ್ದೆ. ಫೋನಲ್ಲಿ ಫೋಟೋ ತೆಗ್ದು ಬ್ಲ್ಯಾಕ್ ಆಂಡ್ ವೈಟ್ ಮಾಡಿದೆ, ಹೂಗಳೇ ಮಾಯ! ಕೆಂಪೂ ಹಸಿರೂ ಎರಡೂ ಒಂದೇ ಬೂದು, ನನ್ನ ಸ್ಟ್ರಿಪ್ಪಲ್ಲಿ ಎರಡೂ 6. ಬಣ್ಣಕ್ಕೆ ಮೂರು ಗುಣ, ಯಾವ ಬಣ್ಣ ಅನ್ನೋದು ಒಂದು, ಎಷ್ಟು ತಿಳಿ ಅಥವಾ ಗಾಢ ಅನ್ನೋದು ಇನ್ನೊಂದು, ಎಷ್ಟು ಚುರುಕು ಅಥವಾ ಮಂಕು ಅನ್ನೋದು ಮೂರನೇದು. ನಾನು ಮೊದಲನೇದನ್ನ ಮಾತ್ರ ಬೇರೆ ಮಾಡಿದ್ದೆ. ಎಲೆಗಳನ್ನ 8ಕ್ಕೆ ಇಳಿಸಿ, ಹೂವಿನ ಬೆಳಕಿನ ಕಡೆಯನ್ನ 4ಕ್ಕೆ ಏರಿಸಿದ್ಮೇಲೆ ಗೋಡೆಗೆ ಹಾಕೋ ಹಾಗಾಯ್ತು. ಈಗಂತೂ ಬಣ್ಣ ಹಚ್ಚೋ ಮುಂಚೆ ಒಂದು ಬೂದು ಸ್ಕೆಚ್ ಇಲ್ದೇ ಬ್ರಷ್ ಮುಟ್ಟಲ್ಲ.

ಅಕ್ಕಪಕ್ಕದ ಬಣ್ಣ ಒಂದನ್ನೊಂದು ಕೆಡಿಸೋ ಬಗ್ಗೆ ಒಂದು ಒಳ್ಳೆ ಕತೆ ಇದೆ. ಮಿಶೆಲ್ ಶೆವ್ರಲ್ ಅಂತ ಫ್ರೆಂಚ್ ರಸಾಯನ ವಿಜ್ಞಾನಿ, ಪ್ಯಾರಿಸ್ಸಿನ ಗೋಬ್ಲ್ಯಾಂ ನೇಯ್ಗೆ ಕಾರ್ಖಾನೇಲಿ ಬಣ್ಣ ಹಾಕೋ ವಿಭಾಗ ನೋಡ್ಕೊಳ್ತಿದ್ದ. ಕಪ್ಪು ನೂಲು ಸಪ್ಪೆ ಅಂತ ದೂರು ಬಂತು. ಪರೀಕ್ಷೆ ಮಾಡಿದ್ರೆ ಬಣ್ಣ ಸರಿಯಾಗೇ ಇದೆ. ತೊಂದ್ರೆ ಪಕ್ಕದ ನೂಲಿಂದು, ನೀಲಿ, ನೇರಳೆ ಪಕ್ಕದಲ್ಲಿ ನೇಯ್ದಾಗ ಆ ಕಪ್ಪು ಕಣ್ಣಿಗೆ ಮಂಕಾಗಿ ಕಾಣ್ತಿತ್ತು. 1839ರಲ್ಲಿ ಅವನು ಇದನ್ನೆಲ್ಲ ಸೇರಿಸಿ ಪುಸ್ತಕ ಮಾಡಿದ, ಮುಂದೆ ಸೆರಾ ಥರದ ಪೇಂಟರ್‌ಗಳು ಅದನ್ನ ಹಿಡ್ಕೊಂಡ್ರು. ನೀವೇ ಮಾಡಿ ನೋಡಿ, ಒಂದೇ ಬೂದು ಕಾಗದದಿಂದ ಎರಡು ತುಂಡು ಕತ್ತರಿಸಿ, ಒಂದನ್ನ ಕಿತ್ತಳೆ ಹಾಳೆ ಮೇಲೆ, ಇನ್ನೊಂದನ್ನ ನೀಲಿ ಹಾಳೆ ಮೇಲೆ ಇಡಿ. ಕಿತ್ತಳೆ ಮೇಲಿರೋದು ನೀಲಿಗೆ ತಿರುಗುತ್ತೆ, ನೀಲಿ ಮೇಲಿರೋದು ಕಿತ್ತಳೆ ಕಡೆ ವಾಲುತ್ತೆ. ನಾನು ಎರಡೂ ಬೇರೆ ತುಂಡು ಅಂತ ಬಾಜಿ ಕಟ್ಟಿ ಸೋತಿದೀನಿ, ಕತ್ತರಿಸಿದ್ದು ನಾನೇ ಆದ್ರೂ.

ಟೆಕ್ಸ್ಚರ್ ಒಂದೇ ಮಾತು, ಎಲ್ಲ ಕಡೆ ಹಾಕ್ಬೇಡಿ. ಬಟ್ಟೆಯ ಪ್ರತಿ ನೂಲನ್ನೂ ಬರೆದು ಅದನ್ನ ಚಾಪೆ ಮಾಡಿದ್ದೆ. ಬೆಳಕಿಂದ ನೆರಳಿಗೆ ತಿರುಗೋ ಜಾಗದಲ್ಲಿ ಸ್ವಲ್ಪ ತೋರಿಸಿದ್ರೆ ಉಳಿದಿದ್ದು ಕಣ್ಣು ನಂಬುತ್ತೆ.

ಪ್ರಿನ್ಸಿಪಲ್ಸ್‌ನ ನಾನು ಕಲಿತಿದ್ದು ನನ್ನ ಚಿತ್ರದಿಂದ ಅಲ್ಲ, ಬೇರೆಯವರ ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು. ಜಪಾನಿನ ಹೊಕುಸಾಯ್‌ನ ದೊಡ್ಡ ಅಲೆ ಗೊತ್ತಲ್ಲ, 1831ರ ಸುಮಾರಿನ ಮರದಚ್ಚಿನ ಚಿತ್ರ. ಪ್ರಿಂಟ್ ತೆಗೆದು ಮೇಲೆ ಟ್ರೇಸಿಂಗ್ ಇಟ್ಟು ನನ್ನ ಕಣ್ಣು ಓಡಿದ ದಾರೀಲಿ ಬರೀ ಬಾಣದ ಗುರುತು ಹಾಕಿದೆ. ಎಡಗಡೆ ಅಲೆ ಎದ್ದು, ಮೇಲೆ ಬಾಗಿ, ನೊರೆಯ ಉಗುರುಗಳು ಕೆಳಗೆ ತೋರ್ಸಿ, ಸೀದಾ ಹೋಗಿ ನಿಲ್ಲೋದು ದೂರದ ಪುಟಾಣಿ ಫುಜಿ ಬೆಟ್ಟದ ಹತ್ರ. ಅಷ್ಟು ದೊಡ್ಡ ಅಲೆ, ಅಷ್ಟು ಚಿಕ್ಕ ಬೆಟ್ಟ, ಆದ್ರೂ ಗೆಲ್ಲೋದು ಬೆಟ್ಟ. ಮೂವ್‌ಮೆಂಟ್, ಎಂಫಸಿಸ್ ಎರಡೂ ಅಲ್ಲೇ ಸಿಕ್ತು. ಬಲಗಡೆ ಮೇಲೆ ಏನಿದೆ ಅಂತ ನೋಡಿದ್ರೆ ಖಾಲಿ ಆಕಾಶ. ಮೊದಲು ನಾನು ಬ್ಯಾಲೆನ್ಸ್ ಅಂದ್ರೆ ಎಡಕ್ಕೊಂದು ಬಲಕ್ಕೊಂದು ಇಡೋದು ಅನ್ಕೊಂಡಿದ್ದೆ. ಇಲ್ಲಿ ಅಲೆಯ ಭಾರಕ್ಕೆ ಎದುರು ತಕ್ಕಡೀಲಿ ಕೂತಿರೋದು ಆ ಖಾಲಿ ಮತ್ತು ಒಂದು ಸಣ್ಣ ತ್ರಿಕೋನ. ಇನ್ನೊಂದು, ಮುಂದಿರೋ ಚಿಕ್ಕ ಅಲೆಯೊಂದರ ಆಕಾರ ಬೆಟ್ಟದ ಹಾಗೇ ಇದೆ, ಬೆಟ್ಟದ ಹಿಮ ನೊರೆಯ ಹಾಗೇ ಬಿಳಿ. ಯೂನಿಟಿ ಅಂತ ಪಟ್ಟೀಲಿದ್ದ ಪದಕ್ಕೆ ಅವತ್ತು ಮುಖ ಬಂತು. ಲಿಯೊನಾರ್ಡೊನ ಕೊನೆಯ ಭೋಜನದ ಪ್ರಿಂಟ್ ಮೇಲೂ ಸ್ಕೇಲ್ ಇಟ್ಟು ಚಾವಣಿಯ ಗೆರೆಗಳನ್ನ ಮುಂದುವರಿಸಿದೆ, ಎಲ್ಲಾ ಹೋಗಿ ಸೇರೋದು ಏಸುವಿನ ತಲೆಯ ಹತ್ರ.

ಇದಾದ್ಮೇಲೆ ಪ್ರತಿ ಚಿತ್ರಕ್ಕೂ ಮೊದಲು ಬೆಂಕಿಪೊಟ್ಟಣದಷ್ಟು ಸೈಜಿನ ಐದಾರು ಥಂಬ್‌ನೇಲ್, ಅಂದ್ರೆ ಪುಟಾಣಿ ಕರಡು ಚಿತ್ರ, ಮಾಡ್ತೀನಿ, ಬಿಳಿ, ಬೂದು, ಕಪ್ಪು ಮೂರೇ ವ್ಯಾಲ್ಯೂ, ಒಂದಕ್ಕೆ ಎರಡು ನಿಮಿಷ. ಅಷ್ಟು ಚಿಕ್ಕದ್ರಲ್ಲಿ ಹುಬ್ಬು, ರೆಪ್ಪೆ, ಎಲೆಯ ನರ ಅಂತ ಕಳೆದುಹೋಗೋಕೆ ಜಾಗಾನೇ ಇಲ್ಲ, ಎಲ್ಲಿ ಭಾರ ಎಲ್ಲಿ ಖಾಲಿ ಅಷ್ಟೇ ಕಾಣುತ್ತೆ. ಪ್ರೊಪೋರ್ಷನ್‌ಗೆ, ಅಂದ್ರೆ ಒಂದಕ್ಕೊಂದರ ಅಳತೆಗೆ, ಹಳೇ ಪೆನ್ಸಿಲ್ ಅಳತೇನೇ, ಪೆನ್ಸಿಲ್ ಎತ್ತಿ ಹಿಡಿದು ಅದರ ಮೇಲೆ ಹೆಬ್ಬೆರಳಿಂದ ವಸ್ತುವಿನ ಉದ್ದ ಗುರುತು ಮಾಡೋದು, ಕೈ ಪೂರ್ತಿ ಚಾಚಿ, ಮೊಣಕೈ ಮಡಚದೇ, ಒಂದು ಕಣ್ಣು ಮುಚ್ಚಿ. ಮೊಣಕೈ ಒಂಚೂರು ಮಡಚಿದ್ರೂ ಅಳತೆ ಕೈಕೊಡುತ್ತೆ.

ರಿದಮ್, ಅಂದ್ರೆ ಒಂದೇ ಥರದ್ದು ಮತ್ತೆ ಮತ್ತೆ ಬಂದು ಹುಟ್ಟೋ ಲಯ, ಅದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಈಗ ಬೋರ್ಡ್ ಮೇಲೆ ಒಂದು ಬೇಲಿ ಇದೆ, ಏಳು ಕಂಬ, ದೂರಕ್ಕೆ ಹೋಗ್ತಾ ಚಿಕ್ಕದಾಗ್ತವೆ, ಅಳತೆ ಎಲ್ಲ ಸರಿ, ಆದ್ರೂ ಬಾಚಣಿಗೆ ನೋಡಿದ ಹಾಗಿದೆ. ನಿನ್ನೆ ರಾತ್ರಿ ಮೂರನೇ ಕಂಬನ ಸ್ವಲ್ಪ ವಾಲಿಸಿದೆ, ಐದನೇದನ್ನ ಅಳಿಸಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಕಣ್ಣು ಆ ಐದನೇ ಕಂಬದ ಜಾಗದಲ್ಲೇ ಹೋಗಿ ನಿಲ್ತಿದೆ, ಅಲ್ಲಿ ನೋಡೋಕೆ ಏನೂ ಇಲ್ಲ, ಅಲ್ಲೊಂದು ಏನಾದ್ರೂ ಇಡ್ಬೇಕೋ ಕಂಬಾನೇ ವಾಪಸ್ ತರ್ಬೇಕೋ ಅಂತ ಎರಡು ಥಂಬ್‌ನೇಲ್ ಮಾಡಿಟ್ಟಿದೀನಿ.