ಹಾಫ್ ಕ್ಲಚ್ ಗೊತ್ತಿದ್ದವರಿಗೆ ಲಾಂಚ್ ಕಂಟ್ರೋಲ್

ಕಾಫಿ ಮೂಟೆ ತುಂಬಿದ ಜೀಪನ್ನು ತೋಟದ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದ್ದೀರಾ? ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಕೊಟ್ಟು, ಹಾಫ್ ಕ್ಲಚ್‌ನಲ್ಲಿ ಬಾನೆಟ್ ತುಸು ಎದ್ದಾಗ ಬ್ರೇಕ್ ಬಿಡುವುದು. ಕೊಡಗಿನಲ್ಲಿ ಗಾಡಿ ಕಲಿತವರಿಗೆ ಇದು ನೀರು ಕುಡಿದಷ್ಟು ಸಲೀಸು. ಪೋರ್ಷೆ 911ರಂಥ ಕಾರಿನಲ್ಲಿ, ನಿಂತಲ್ಲಿಂದ ಆದಷ್ಟು ಜೋರಾಗಿ ಮುನ್ನುಗ್ಗಲು ಇರುವ ಲಾಂಚ್ ಕಂಟ್ರೋಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕ್ಲಚ್ ಹಿಡಿಯುವ ಕೆಲಸ ಮಾತ್ರ ಕಂಪ್ಯೂಟರ್‌ದು. ಚಕ್ರ ಜಾರಿದರೆ ಪವರ್ ಎಷ್ಟು ತಗ್ಗಿಸಬೇಕು ಅಂತಲೂ ಅದೇ ನೋಡಿಕೊಳ್ಳುತ್ತದೆ. ಫಾರ್ಮುಲಾ 1 ರೇಸ್‌ಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಅಲ್ಲಿನ ಡ್ರೈವರ್‌ಗಳು ತಾವೇ ಕ್ಲಚ್ ಹಿಡಿದು ಹೊರಡಬೇಕು, ಥೇಟ್ ನಮ್ಮ ಜೀಪಿನವರ ಹಾಗೆ.

ಮೊದಲು ಜಾಗ. ಮಡಿಕೇರಿ–ಕುಶಾಲನಗರ ರಸ್ತೆ ಇದಕ್ಕಲ್ಲ. ಬೆಳಿಗ್ಗೆ ಆರಕ್ಕೆ ಖಾಲಿ ಕಂಡರೂ ಅಲ್ಲ. ತಿರುವಿನಾಚೆ ದನ ಇರಬಹುದು, ಆನೆಯೂ ಇರಬಹುದು. ಅದೂ ಅಲ್ಲದೆ, ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು, ವೇಗ ಪರೀಕ್ಷಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲವೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಟೋಕ್ರಾಸ್ ಎಂಬ ಕಾರ್ ಸ್ಪರ್ಧೆ ನಡೆಯುವ ಗದ್ದೆಯ ಮಣ್ಣೂ ಈ ಕಾರುಗಳಿಗೆ ಆಗಿಬರುವುದಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಟ್ರ್ಯಾಕ್ ಡೇ, ಅಂದರೆ ರೇಸ್ ಟ್ರ್ಯಾಕಿನಲ್ಲಿ ನಮ್ಮ ಗಾಡಿ ಓಡಿಸಲು ಬಿಡುವ ದಿನ, ಇದ್ದಾಗ ಹೋಗಿ. ನೆಲ ಒಣಗಿರಬೇಕು.

ಹೊಸ ಕಾರಾದರೆ ರನ್ನಿಂಗ್-ಇನ್ (ಎಂಜಿನ್ ಪಳಗಲೆಂದು ಹದವಾಗಿ ಓಡಿಸುವ ಮೊದಲ ದಿನಗಳು) ಮುಗಿಯುವ ತನಕ ಲಾಂಚ್ ಬೇಡ. ಎಂಜಿನ್ ಬಿಸಿಯಾಗಲು ಕಡಿಮೆಯೆಂದರೂ 10 ಕಿ.ಮೀ. ಓಡಿಸಿ. ಟೈರ್ ಗಾಳಿ ನೋಡಿ. ಹಿಂದಿನ ಸೀಟಿನಲ್ಲಿ ಊರಿನ ಜೇನಿನ ಬಾಟಲಿ ಇದ್ದರೆ ದಯವಿಟ್ಟು ಕೆಳಗಿಳಿಸಿ.

ಈಗ ಸ್ಟೀರಿಂಗ್ ನೇರ ಮಾಡಿ ನಿಲ್ಲಿಸಿ. ಪೋರ್ಷೆಯಲ್ಲಾದರೆ ಸ್ಪೋರ್ಟ್ ಪ್ಲಸ್ ಮೋಡ್ ಹಾಕಿ. ಎಡಗಾಲಲ್ಲಿ ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಿರಿ. ಬಲಗಾಲಲ್ಲಿ ಆಕ್ಸಿಲರೇಟರನ್ನು ಒಂದೇ ಸಲಕ್ಕೆ ತಳ ಮುಟ್ಟಿಸಿ. ಎಂಜಿನ್ ಸದ್ದು ಏರಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಲಾಂಚ್ ಕಂಟ್ರೋಲ್ ಸಿದ್ಧ ಎಂಬ ಸಂದೇಶ ಮೀಟರ್‌ನಲ್ಲಿ ಬರುತ್ತದೆ. ಬಿಎಂಡಬ್ಲ್ಯುಗಳಲ್ಲಿ ಬಾವುಟದ ಚಿತ್ರ ಮೂಡುತ್ತದೆ. ಯಾವ ಬಟನ್ ಎಂಬುದು ಕಾರಿನಿಂದ ಕಾರಿಗೆ ಬೇರೆ, ಮ್ಯಾನ್ಯುಯಲ್ ಓದಿಯೇ ಕೂರಿ. ಸಂದೇಶ ಕಂಡ ಕೂಡಲೇ ಬ್ರೇಕ್ ಬಿಡಿ.

ನಮ್ಮ ಜೀಪಿನ ರೂಢಿ ಕೈಕೊಡುವುದು ಇಲ್ಲೇ. ಎಡಗಾಲಿಗೆ ಕ್ಲಚ್ಚನ್ನು ಮೆಲ್ಲಗೆ ಬಿಟ್ಟೇ ಅಭ್ಯಾಸ ಅಲ್ವಾ? ಬ್ರೇಕನ್ನೂ ಹಾಗೇ ಬಿಟ್ಟರೆ ಎಂಜಿನ್ ತಳ್ಳುತ್ತದೆ, ಬ್ರೇಕ್ ಹಿಡಿದೆಳೆಯುತ್ತದೆ, ನಡುವೆ ಸಿಕ್ಕಿ ಬಿಸಿಯಾಗುವುದು ಗೇರ್‌ಬಾಕ್ಸ್. ಪಾದವನ್ನು ಪಕ್ಕಕ್ಕೆ ಜಾರಿಸಿಬಿಡಿ, ಬಾಳೆಹಣ್ಣಿನ ಸಿಪ್ಪೆ ತುಳಿದ ಹಾಗೆ. ತಲೆ ಮೊದಲೇ ಹೆಡ್‌ರೆಸ್ಟ್‌ಗೆ ಒರಗಿರಲಿ, ಇಲ್ಲದಿದ್ದರೆ ಕತ್ತು ನೋಯುತ್ತದೆ. ಕಾರು ನುಗ್ಗಿದಾಗ ಹೆದರಿ ಬಲಗಾಲು ಎತ್ತುವವರೇ ಜಾಸ್ತಿ. ಎತ್ತಿದಿರೋ, ಲಾಂಚ್ ಅಲ್ಲಿಗೇ ಮುಗಿಯಿತು. ಸುಮ್ನೆ ಒತ್ತಿಕೊಂಡೇ ಇರಿ. ಗೇರ್ ತಾನಾಗಿಯೇ ಬದಲಾಗುತ್ತದೆ.

ಮುಗಿದ ಮೇಲೆ ಮತ್ತೊಂದಕ್ಕೆ ಅವಸರ ಬೇಡ. ಒಂದೆರಡು ಸುತ್ತು ನಿಧಾನಕ್ಕೆ ಓಡಿಸಿ ಗೇರ್‌ಬಾಕ್ಸ್ ಆರಲು ಬಿಡಿ. ಎಷ್ಟು ಸಲ ಲಾಂಚ್ ಆಯಿತೆಂಬ ಲೆಕ್ಕವನ್ನು ಕೆಲವು ಕಾರುಗಳ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಮುಂದೆ ನಿಮ್ಮ ಕಾರು ಕೊಳ್ಳಲು ಬರುವವರು ಜಾಣರಾಗಿದ್ದರೆ ಮೊದಲು ಅದನ್ನೇ ತೆಗೆಸಿ ನೋಡುತ್ತಾರೆ.